ಬೆಟ್ಟದ ಕೋಳಿ ಅನ್ನೋ ಕಪ್ಪೆ: ಇದು ಉಳಿದಿದೆ ಅನ್ನಬೇಕಾ, ಹೋಯಿತು ಅನ್ನಬೇಕಾ?

ಏರಿ ವಾಕರ್, ತುಮಕೂರು
ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇವತ್ತು ಹಕ್ಕಿ ಫೋಟೊ ಇಲ್ಲ. ಕಪ್ಪೆ ವಿಷಯ, ಅದೂ ನಮ್ಮೂರ ಕಪ್ಪೆ ಅಲ್ಲ. ಬೈಯಬೇಡಿ.

ಮಗಳು ಸೆಕೆಂಡ್ ಪಿಯು. ಕಾಲೇಜಿನ ವಸ್ತುಪ್ರದರ್ಶನಕ್ಕೆ ಚಾರ್ಟ್ ಮಾಡಬೇಕು, ವಿಷಯವನ್ನು ಚೀಟಿ ಎತ್ತಿಸಿ ಕೊಟ್ಟರಂತೆ. ಇವಳ ಚೀಟಿಯಲ್ಲಿ 'ಮೌಂಟನ್ ಚಿಕನ್' ಅಂತ ಇತ್ತು. ನಾನು ಯಾವುದೋ ಹೋಟೆಲ್ ಐಟಂ ಅಂದುಕೊಂಡೆ. ನೋಡಿದರೆ ಕಪ್ಪೆ! ಕೆರಿಬಿಯನ್ ಸಮುದ್ರದ ಡೊಮಿನಿಕಾ ಮತ್ತು ಮಾಂಟ್ಸೆರಾಟ್ ಅನ್ನೋ ಎರಡೇ ದ್ವೀಪಗಳ ಕಾಡಿನಲ್ಲಿ ಉಳಿದಿರುವ ಕಪ್ಪೆ. ಸುಮಾರು ಒಂದು ಗೇಣು ಉದ್ದ, ಚೆನ್ನಾಗಿ ಬೆಳೆದರೆ ಒಂದು ಕೆಜಿ ತೂಕ. ಮಾಂಸ ಕೋಳಿ ಥರ ಇರುತ್ತೆ ಅಂತ ಆ ಹೆಸರು.

ಚಾರ್ಟಿನಲ್ಲಿ 'ಈಗಿನ ಸ್ಥಿತಿ' ಅಂತ ಒಂದು ಚೌಕ ಇದೆ. ಅದರಲ್ಲಿ ಮಗಳು 'ಯೂರೋಪಿನ ಜೂಗಳಲ್ಲಿ ಸಾಕಿ ಮರಿ ಮಾಡಿಸುತ್ತಿದ್ದಾರೆ, ಆದ್ದರಿಂದ ಅಪಾಯ ತಪ್ಪಿದೆ' ಅಂತ ಬರೆದಿದ್ದಳು. ಅದರ ಮೇಲೆ ಕೆಂಪು ಇಂಕಿನಲ್ಲಿ ಒಂದು ಅಡ್ಡಗೆರೆ, ಪಕ್ಕದಲ್ಲಿ 'ತಪ್ಪು'. ಯಾಕೆ ತಪ್ಪು ಅಂತ ಒಂದು ಮಾತು ಬರೆಯಬಾರದಿತ್ತಾ? ಅಪ್ಪ ಮಗಳು ಎರಡು ರಾತ್ರಿ ಕೂತು ಓದಿದ್ದೇವೆ. ಈಗ ನನಗೇ ಗೊಂದಲ. ಜೂಗಳಲ್ಲಿ ಇದ್ದರೆ ಇದೆ ಅಂತ ತಾನೇ ಅರ್ಥ? ಇಲ್ಲಿ ಗೊತ್ತಿರುವವರು ಇದ್ದೀರಿ, ಹೇಳಿ.

ರಾಗಿಮುದ್ದೆ, ಕೋಲಾರ
ಭಾನುವಾರ ರಾತ್ರಿ 9.52

ಒಂದು ಕೆಜಿ ಕಪ್ಪೆನಾ? ನಾಟಿ ಕೋಳಿನೇ ಕೆಲವು ಸಲ ಅಷ್ಟು ತೂಗಲ್ಲ ಗುರು. ಹೆಸರಲ್ಲೇ ಚಿಕನ್ ಇಟ್ಟುಕೊಂಡ ಮೇಲೆ ಇನ್ನೇನಾಗುತ್ತೆ, ತಿಂದು ಮುಗಿಸಿದ್ದಾರೆ ಅಷ್ಟೇ. ಇದರಲ್ಲಿ ಗೊಂದಲ ಏನಿದೆ?

ಏರಿ ವಾಕರ್, ತುಮಕೂರು
ಭಾನುವಾರ ರಾತ್ರಿ 10.15

ನಾನೂ ಮೊದಲು ಅದನ್ನೇ ಹೇಳಿದೆ, ಮಗಳು ತಿದ್ದಿದಳು. ತಿಂದದ್ದು ನಿಜ. ಡೊಮಿನಿಕಾದಲ್ಲಿ ಇದು ರಾಷ್ಟ್ರೀಯ ಅಡುಗೆ ಅನ್ನೋ ಮಟ್ಟಕ್ಕೆ ಹೋಗಿತ್ತು, ವರ್ಷಕ್ಕೆ 8,000ದಿಂದ 36,000 ಕಪ್ಪೆ ಹಿಡಿಯುತ್ತಿದ್ದರು ಅಂತ ಅಂದಾಜು. ಸುತ್ತಮುತ್ತಲ ಬೇರೆ ಕೆಲವು ದ್ವೀಪಗಳಲ್ಲೂ ಹಿಂದೆ ಇತ್ತಂತೆ, ಅಲ್ಲಿ ಎಂದೋ ಮುಗಿದುಹೋಗಿದೆ. ಆದರೆ ಡೊಮಿನಿಕಾದಲ್ಲಿ ಅಷ್ಟು ತಿಂದರೂ ಕಪ್ಪೆ ಇತ್ತು. 2002ರ ಕೊನೆಯಲ್ಲಿ ಇದ್ದಕ್ಕಿದ್ದ ಹಾಗೆ ಸತ್ತ ಕಪ್ಪೆಗಳು ಸಿಗೋಕೆ ಶುರುವಾಯಿತು. ಒಂದೂವರೆ ವರ್ಷದೊಳಗೆ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಹೋಗಿಬಿಟ್ಟವು. ಬೇಟೆ ನಿಲ್ಲಿಸಿದರು. ಆದರೂ ಸಾವು ನಿಲ್ಲಲಿಲ್ಲ, ಯಾಕೆಂದರೆ ಕೊಲ್ಲುತ್ತಿದ್ದದ್ದು ಒಂದು ಬೂಷ್ಟು. ಕೈಟ್ರಿಡ್ ಅಂತ ಅದರ ಹೆಸರು.

ಕೊಡಲಿ, ಬಲೆ, ಬಂದೂಕು ಆಗಿದ್ದರೆ ಕಿತ್ತುಕೊಳ್ಳಬಹುದು. ಬೂಷ್ಟನ್ನು ಯಾರ ಕೈಯಿಂದ ಕಿತ್ತುಕೊಳ್ಳೋದು?

ಗೌರಿಬಿದನೂರು ಗಾಡಿ
ಭಾನುವಾರ ರಾತ್ರಿ 10.31

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆ ಹಿಂದೆ ಒಂದು ಕುಂಟೆ ಇತ್ತು. ಮುಂಗಾರು ಮೊದಲ ಮಳೆ ಬಿದ್ದ ರಾತ್ರಿ ಅದರಲ್ಲಿ ಕಪ್ಪೆ ಕೂಗೋಕೆ ಶುರು ಮಾಡಿದರೆ ಟಿವಿ ಸೌಂಡ್ ಕೇಳುತ್ತಿರಲಿಲ್ಲ. ಈಗ ಅದರ ಮೇಲೆ ಮಣ್ಣು ಹಾಕಿ ಸೈಟ್ ಮಾಡಿದ್ದಾರೆ, ಕಲ್ಲು ನೆಟ್ಟಿದ್ದಾರೆ, ನಂಬರ್ ಬರೆದಿದ್ದಾರೆ. ಆ ಕಪ್ಪೆಗಳಿಗೆ ಯಾರೂ ಚಾರ್ಟ್ ಮಾಡಲಿಲ್ಲ. ನೀವು ಸಮುದ್ರದ ಆಚೆ ಕಪ್ಪೆಗೆ ಕಣ್ಣೀರು ಹಾಕುತ್ತಿದ್ದೀರಿ. ಆ ಡೊಮಿನಿಕಾ ಎಲ್ಲಿದೆ ಅಂತ ಈ ಗುಂಪಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಚಿಂತಾಮಣಿ ಅಕ್ಕ
ಭಾನುವಾರ ರಾತ್ರಿ 10.48

ನನಗೆ ಗೊತ್ತಪ್ಪ. ನನ್ನ ಅಕ್ಕನ ಮಗ ಅಲ್ಲಿ ಮೆಡಿಕಲ್ ಓದುತ್ತಿದ್ದ. ಕ್ರಿಕೆಟ್ ನೋಡುವವರಿಗೂ ಗೊತ್ತಿರಬೇಕು, 2023ರ ಜುಲೈನಲ್ಲಿ ಜೈಸ್ವಾಲ್ ಮೊದಲನೇ ಟೆಸ್ಟಲ್ಲೇ 171 ಹೊಡೆದದ್ದು, ಅಶ್ವಿನ್ 12 ವಿಕೆಟ್ ತೆಗೆದದ್ದು ಅಲ್ಲೇ, ರೋಸೋ ಪಟ್ಟಣದ ಗ್ರೌಂಡಿನಲ್ಲಿ. 2011ರಲ್ಲಿ ನಮ್ಮ ದ್ರಾವಿಡ್ ಕೂಡ ಅಲ್ಲಿ ಆಡಿದ್ದರು.

ಪೂರ್ತಿ ದೇಶವೇ ಸುಮಾರು 750 ಚದರ ಕಿಲೋಮೀಟರ್. ನಮ್ಮ ಪಕ್ಕದ ಕೋಲಾರ ಜಿಲ್ಲೆಯನ್ನು ಐದು ಪಾಲು ಮಾಡಿ ಒಂದು ಪಾಲು ಎತ್ತಿಟ್ಟರೆ ಅಷ್ಟೇ. ಮಧ್ಯದಲ್ಲೆಲ್ಲ ಬೆಟ್ಟ, ಕಾಡು, ಹೊಳೆ. ಹುಡುಗ ಹೇಳುತ್ತಿದ್ದ, ಅಲ್ಲಿಯ ಜನ ಈ ಕಪ್ಪೆಗೆ ಕ್ರಾಪೋ ಅಂತಾರಂತೆ. ಅವರ ದೇಶದ ಲಾಂಛನದಲ್ಲೂ ಈ ಕಪ್ಪೆ ಇದೆ. ಲಾಂಛನದಲ್ಲೂ ಕೂತಿದೆ, ತಟ್ಟೆಯಲ್ಲೂ ಕೂತಿತ್ತು, ಪಾಪ.

2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಬಂದಾಗ ಇವನು ಅಲ್ಲೇ ಇದ್ದ. ನಾಲ್ಕು ದಿನ ಫೋನ್ ಇಲ್ಲ. ಅಕ್ಕ ದೇವರ ಮನೆಯಿಂದ ಎದ್ದು ಬರಲೇ ಇಲ್ಲ. ಕೊನೆಗೆ ಮಾತಾಡಿದಾಗ ಅವನು ಮೊದಲು ಹೇಳಿದ್ದು 'ಚಿಕ್ಕಮ್ಮ, ಬೆಟ್ಟದಲ್ಲಿ ಒಂದು ಮರಕ್ಕೂ ಎಲೆ ಇಲ್ಲ' ಅಂತ. ರೋಗದಿಂದ ಉಳಿದಿದ್ದ ನಾಲ್ಕು ಕಪ್ಪೆಗೆ ನೆರಳು ಕೂಡ ಹೋಯಿತು ಅಂದರೆ ಯೋಚನೆ ಮಾಡಿ.

ಗಾಡಿ ಅವರೇ, ನಿಮ್ಮ ಕುಂಟೆ ವಿಷಯಕ್ಕೆ ನನಗೂ ಹೊಟ್ಟೆ ಉರಿಯುತ್ತೆ. ಆದರೆ ಒಂದಕ್ಕೆ ಬೇಜಾರಾದರೆ ಇನ್ನೊಂದಕ್ಕೆ ಬೇಜಾರು ಆಗಬಾರದು ಅಂತ ಏನಿಲ್ಲವಲ್ಲ?

ಮಾಲೂರು ಮೇಷ್ಟ್ರು
ಸೋಮವಾರ ಬೆಳಿಗ್ಗೆ 6.20

ಮೂವತ್ತೊಂದು ವರ್ಷ ಬಯಾಲಜಿ ಪಾಠ ಮಾಡಿ ರಿಟೈರ್ ಆದವನು ನಾನು. ಕೆಂಪು ಇಂಕು ನಾನೂ ಖರ್ಚು ಮಾಡಿದ್ದೇನೆ, ಕಾರಣ ಬರೆಯದೆ ಗೆರೆ ಎಳೆದದ್ದೂ ಉಂಟು. ಅದಕ್ಕೆ ಪ್ರಾಯಶ್ಚಿತ್ತ ಅಂತ ಉತ್ತರ ಬರೆಯುತ್ತೇನೆ.

ಐಯುಸಿಎನ್ ಅಂತ ಒಂದು ಸಂಸ್ಥೆ ಇದೆ, ಅದರ ಕೆಂಪು ಪಟ್ಟಿಯನ್ನೇ ಎಲ್ಲರೂ ನೋಡೋದು. ಅದರಲ್ಲಿ ಈ ಕಪ್ಪೆ ಇರುವುದು 'ತೀವ್ರ ಅಪಾಯದಲ್ಲಿದೆ' ಅನ್ನೋ ಮೆಟ್ಟಿಲಲ್ಲಿ. ಅದರ ಮುಂದಿನ ಮೆಟ್ಟಿಲು 'ಕಾಡಿನಲ್ಲಿ ಇಲ್ಲ', ಆಮೇಲೆ 'ಎಲ್ಲೂ ಇಲ್ಲ'. ಆ ಪಟ್ಟಿ ಲೆಕ್ಕ ಹಾಕುವುದು ಕಾಡಿನಲ್ಲಿರುವ ಪ್ರಾಣಿಯನ್ನು ಮಾತ್ರ. ಜೂಗಳಲ್ಲಿ ಸಾವಿರ ಇದ್ದರೂ ಆ ಕಾಲಂನಲ್ಲಿ ಸೊನ್ನೆ. ನಿಮ್ಮ ಮಗಳ ತಪ್ಪು ಅಲ್ಲೇ ಇರುವುದು. ಬೀಜವನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಂಡವನು ಬೆಳೆ ಬಂತು ಅನ್ನೋದಿಲ್ಲ, ಅಲ್ವಾ?

ಆ ಮೆಟ್ಟಿಲಿಗೆ ಹಾಕೋಕೂ ಲೆಕ್ಕ ಇದೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಉದ್ದವೋ ಅಷ್ಟು ಕಾಲದಲ್ಲಿ ನೂರರಲ್ಲಿ ಎಂಬತ್ತು ಕಡಿಮೆಯಾಗಿ, ಕಾರಣ ಇನ್ನೂ ಹಾಗೇ ಇದ್ದರೆ ಅದು ಒಂದು ದಾರಿ. ಮರಿ ಮಾಡುವ ವಯಸ್ಸಿನವು ಐವತ್ತಕ್ಕಿಂತ ಕಡಿಮೆ ಉಳಿದಿದ್ದರೆ ಅದು ಇನ್ನೊಂದು ದಾರಿ. ಬೇರೆಯೂ ಇವೆ, ಬಿಡಿ. ಈ ಕಪ್ಪೆ ಮೊದಲನೇ ದಾರಿಯಲ್ಲೇ ಆರಾಮಾಗಿ ಪಾಸು. 2023ರಲ್ಲಿ ಡೊಮಿನಿಕಾ ಕಾಡು ಜಾಲಾಡಿದಾಗ ಸಿಕ್ಕಿದ್ದು 21 ಕಪ್ಪೆ.

ರಾಗಿಮುದ್ದೆ, ಕೋಲಾರ
ಸೋಮವಾರ ಬೆಳಿಗ್ಗೆ 8.05

21!! ನಮ್ಮ ಓಣಿ ಚರಂಡಿಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತವೆ.

ಸರಿ, ತಿಂದು ಮುಗಿಸಿದ್ದಾರೆ ಅಂದಿದ್ದನ್ನು ವಾಪಸ್ ತಗೊಂಡೆ. ಆದರೆ ಮೇಷ್ಟ್ರೇ, ಕಪ್ಪೆ ಅಂದರೆ ಸಾವಿರಾರು ಮೊಟ್ಟೆ ಇಡುತ್ತೆ ಅಂತ ನೀವೇ ಪಾಠ ಮಾಡಿರುತ್ತೀರಿ. 21 ಇದ್ದರೂ ಎರಡು ಮಳೆಗಾಲದಲ್ಲಿ ಕೆರೆ ತುಂಬಬೇಕಲ್ಲ?

ಏರಿ ವಾಕರ್, ತುಮಕೂರು
ಸೋಮವಾರ ಮಧ್ಯಾಹ್ನ 1.30

ಇದಕ್ಕೆ ಉತ್ತರ ನಾನು ಕೊಡುತ್ತೇನೆ, ಮಗಳು ಬರೆಸಿದ್ದು. ನಮ್ಮ ಕಪ್ಪೆಗಳ ಥರ ನೀರಲ್ಲಿ ಮೊಟ್ಟೆ ಇಟ್ಟು ಕೈತೊಳೆದುಕೊಂಡು ಹೋಗುವ ಜಾತಿ ಅಲ್ಲ ಇದು. ನೆಲದಲ್ಲಿ ಬಿಲ, ಬಿಲದೊಳಗೆ ನೊರೆಯ ಗೂಡು, ನೊರೆಯಲ್ಲಿ ಮೊಟ್ಟೆ. ಗಂಡು ಬಿಲದ ಸುತ್ತ ಕಾವಲು, ಬೇರೆ ಗಂಡು ಬಂದರೆ ಕುಸ್ತಿ. ಗೊದಮೊಟ್ಟೆಗಳು ಆ ನೊರೆಯಲ್ಲೇ ಬೆಳೆಯುತ್ತವೆ, ಹೊಳೆ ಕೆರೆ ಏನೂ ಬೇಡ. ಹಾಗಾದರೆ ಊಟ? ತಾಯಿ ಮತ್ತೆ ಮತ್ತೆ ಬಂದು ಫಲ ಕಟ್ಟದ ಮೊಟ್ಟೆ ಇಟ್ಟು ಹೋಗುತ್ತಾಳೆ, ಮರಿಗಳು ಅದನ್ನೇ ತಿನ್ನುತ್ತವೆ. ಒಂದು ಗೂಡು ಸಾಕೋಕೆ ಹತ್ತು ಸಾವಿರಕ್ಕಿಂತ ಜಾಸ್ತಿ ಮೊಟ್ಟೆ! ಇಷ್ಟೆಲ್ಲ ಮಾಡಿ ಹೊರಗೆ ಬರುವುದು ಕೆಲವೇ ಡಜನ್ ಮರಿ.

ನನ್ನ ಹೆಂಡತಿ ಇದನ್ನು ಕೇಳಿ 'ಇಷ್ಟು ಮಾಡಿದ ತಾಯಿಗೆ ಕೋಳಿ ಅಂತ ಹೆಸರಿಟ್ಟರಾ' ಅಂದಳು. ಸುಮ್ನೆ ಅಂದಿದ್ದು, ಆದರೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಗೌರಿಬಿದನೂರು ಗಾಡಿ
ಸೋಮವಾರ ಸಂಜೆ 6.10

ಸರಿ, ಓದಿದೆ. ನಾನು ಕಲ್ಲುಮನಸ್ಸಿನವನಲ್ಲ. ಬೂಷ್ಟು ಕಪ್ಪೆಯನ್ನು ಹೇಗೆ ಕೊಲ್ಲುತ್ತೆ? ಬ್ರೆಡ್ಡಿಗೆ ಬಂದ ಹಾಗೆ ಮೈಮೇಲೆ ಬಿಳಿಯಾಗಿ ಬೆಳೆಯುತ್ತಾ? ಮತ್ತೆ ಔಷಧಿ ಇಲ್ವಾ?

ಮಾಲೂರು ಮೇಷ್ಟ್ರು
ಸೋಮವಾರ ಸಂಜೆ 7.45

ಹಾಗೆ ಕಣ್ಣಿಗೆ ಕಾಣುವುದಿಲ್ಲ, ಅದೇ ಕಷ್ಟ. ಕಪ್ಪೆಗೆ ಚರ್ಮ ಅಂದರೆ ಹೊದಿಕೆ ಮಾತ್ರ ಅಲ್ಲ. ನೀರು ಕುಡಿಯುವುದು ಅದರಿಂದಲೇ, ಉಸಿರಾಟದ ಒಂದು ಪಾಲೂ ಅದರಿಂದಲೇ, ಮೈಯೊಳಗಿನ ಉಪ್ಪಿನಂಶ ಹದದಲ್ಲಿ ಇಡುವುದೂ ಅದೇ. ಈ ಶಿಲೀಂಧ್ರ ಆ ಚರ್ಮದಲ್ಲೇ ಮನೆ ಮಾಡುತ್ತೆ. ಚರ್ಮ ಕೆಟ್ಟರೆ ಸೋಡಿಯಂ ಪೊಟ್ಯಾಸಿಯಂ ಏರುಪೇರು, ಕೊನೆಗೆ ಹೃದಯ ನಿಲ್ಲುತ್ತೆ. ಇದರ ಬೀಜಕಣಕ್ಕೆ ಬಾಲ ಇದೆ, ನೀರಿನಲ್ಲಿ ಈಜಿಕೊಂಡು ಇನ್ನೊಂದು ಕಪ್ಪೆಗೆ ಹೋಗುತ್ತೆ. ಒದ್ದೆ ಮಣ್ಣು, ಬೂಟು, ಬಲೆ, ಸಾಗಿಸಿದ ಕಪ್ಪೆ ಎಲ್ಲದರ ಜತೆಗೂ ಹೊಸ ಜಾಗ ಸೇರಬಹುದು. ಇದಕ್ಕೆ ವಿಜ್ಞಾನದ ಹೆಸರು ಇಟ್ಟದ್ದೇ 1999ರಲ್ಲಿ. 2019ರಲ್ಲಿ ಬಂದ ಒಂದು ದೊಡ್ಡ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 501 ಜಾತಿ ಕಪ್ಪೆ ಮತ್ತದರ ಬಳಗ ಇದರಿಂದ ಇಳಿದಿವೆ, 90 ಜಾತಿ ಪೂರ್ತಿ ಹೋಗಿವೆ ಅಂತ ತಿಳಿಯಲಾಗಿದೆ.

ಔಷಧಿ ಇದೆ. ಇಟ್ರಾಕೊನಜೋಲ್ ಅಂತ, ನಮಗೆ ಹುಳುಕಡ್ಡಿ ಜೋರಾದಾಗ ಚರ್ಮದ ಡಾಕ್ಟರು ಬರೆದುಕೊಡುತ್ತಾರಲ್ಲ, ಅದೇ. ಮಾಂಟ್ಸೆರಾಟ್‌ನಲ್ಲಿ ಕಾಡಿನ ಕಪ್ಪೆಗಳನ್ನು ಹಿಡಿದು ಆ ಔಷಧಿ ನೀರಿನಲ್ಲಿ ಸ್ನಾನ ಮಾಡಿಸಿ ನೋಡಿದ್ದಾರೆ. ಸ್ನಾನ ಮಾಡಿಸುವಷ್ಟು ದಿನ ಸ್ವಲ್ಪ ಉಪಯೋಗ ಆಯಿತು, ನಿಲ್ಲಿಸಿದರೆ ಮತ್ತೆ ಅದೇ ಕಥೆ. ಕಾಡಿನ ಕಪ್ಪೆಗೆ ದಿನಾ ಸ್ನಾನ ಮಾಡಿಸೋಕಾಗುತ್ತಾ?

ಇನ್ನೊಂದು ತೊಡಕು. ಆ ದ್ವೀಪದಲ್ಲಿ ಸಣ್ಣ ಮರಗಪ್ಪೆ ಇದೆ, ಹೊರಗಿನಿಂದ ಬಂದ ದೊಡ್ಡ ನೆಲಗಪ್ಪೆಯೂ ಇದೆ. ಅವು ಈ ಬೂಷ್ಟನ್ನು ಮೈಮೇಲೆ ಹೊತ್ತುಕೊಂಡು ಏನೂ ಆಗದ ಹಾಗೆ ಓಡಾಡಿಕೊಂಡಿವೆ. ಆದ್ದರಿಂದ ಬೆಟ್ಟದ ಕೋಳಿ ಪೂರ್ತಿ ಸತ್ತುಹೋದರೂ ರೋಗ ಅಲ್ಲೇ ಇರುತ್ತೆ. ಜೂಗಳಿಂದ ಕಪ್ಪೆ ತಂದು ಬಿಟ್ಟರೆ ಕಾದು ಕೂತಿರುತ್ತೆ. ಅಪಾಯ ತಪ್ಪಿಲ್ಲ ಅನ್ನೋದು ಇದಕ್ಕೆ.

ಚಿಂತಾಮಣಿ ಅಕ್ಕ
ಸೋಮವಾರ ರಾತ್ರಿ 9.15

ಮಾಂಟ್ಸೆರಾಟ್ ಅಂದರೆ ಜ್ವಾಲಾಮುಖಿ ದ್ವೀಪ ತಾನೇ? ಅಲ್ಲಿಯ ಕಥೆ ಯಾರಾದರೂ ಪೂರ್ತಿ ಹೇಳಿ.

ಏರಿ ವಾಕರ್, ತುಮಕೂರು
ಸೋಮವಾರ ರಾತ್ರಿ 10.20

ಹೌದು ಅಕ್ಕ. ಸುಮಾರು 100 ಚದರ ಕಿಲೋಮೀಟರಿನ ದ್ವೀಪ. 1995ರಲ್ಲಿ ಸುಫ್ರಿಯೇರ್ ಹಿಲ್ಸ್ ಜ್ವಾಲಾಮುಖಿ ಎದ್ದಿತು, ರಾಜಧಾನಿ ಪ್ಲಿಮತ್ ಬೂದಿಯಲ್ಲಿ ಹೂತುಹೋಯಿತು. ಕಪ್ಪೆಗೆ ಉಳಿದದ್ದು ಸೆಂಟರ್ ಹಿಲ್ಸ್ ಅನ್ನೋ ಕಾಡು. ಅಷ್ಟಾದರೂ ಬದುಕಿಕೊಂಡಿತ್ತು. 2009ರಲ್ಲಿ ಬೂಷ್ಟು ಅಲ್ಲಿಗೂ ಬಂತು. ರೋಗ ಮುಟ್ಟದ ಐವತ್ತು ಕಪ್ಪೆಗಳನ್ನು ಹಿಡಿದು ವಿಮಾನದಲ್ಲಿ ಯೂರೋಪಿಗೆ ಸಾಗಿಸಿದರು, ಜರ್ಸಿ ದ್ವೀಪದ ಡರೆಲ್ ಸಂಸ್ಥೆಗೆ, ಲಂಡನ್ ಜೂಗೆ, ಸ್ವೀಡನ್‌ಗೆ. ಕಾಡಿನಲ್ಲಿ ಇದ್ದವು ಕರಗಿಹೋದವು.

ಈಗ ಕೇಳಿ. 2016ರ ಹೊತ್ತಿಗೆ ಆ ಕಾಡಿನಲ್ಲಿ ಇವೆ ಅಂತ ಗೊತ್ತಿದ್ದದ್ದು ಎರಡೇ ಎರಡು. ಒಂದು ಗಂಡು, ಒಂದು ಹೆಣ್ಣು. ಅದೂ ಬೇರೆ ಬೇರೆ ಕಡೆ, ಒಂದರ ಕೂಗು ಇನ್ನೊಂದಕ್ಕೆ ಕೇಳದಷ್ಟು ದೂರ. ಹೆಣ್ಣನ್ನು ಹಿಡಿದು ತಂದು ಗಂಡಿನ ಜಾಗದಲ್ಲಿ ಬಿಟ್ಟರಂತೆ.

ರಾಗಿಮುದ್ದೆ, ಕೋಲಾರ
ಸೋಮವಾರ ರಾತ್ರಿ 10.26

ಅಯ್ಯೋ, ಕಪ್ಪೆ ಮದುವೆ!! ಮಳೆ ಬಂತಾ?

ಏರಿ ವಾಕರ್, ತುಮಕೂರು
ಸೋಮವಾರ ರಾತ್ರಿ 10.40

ನಗಬೇಡಿ ಮಾರಾಯರೇ, ಆದರೆ ನಾನೂ ನಕ್ಕೆ. ಸಂಸಾರ ಹೂಡಿತಾ ಅಂದರೆ, 2019ರಲ್ಲಿ ಯೂರೋಪಿನಲ್ಲಿ ಹುಟ್ಟಿದ ಕಪ್ಪೆಗಳನ್ನು ತಂದು ಬಿಡಬೇಕಾಯಿತು, ಅದರಲ್ಲೇ ಉತ್ತರ ಇದೆ. ಅವನ್ನೂ ನೇರ ಕಾಡಿಗೆ ಬಿಡಲಿಲ್ಲ. ಬೇಲಿ ಹಾಕಿ, ಒಳಗೆ ಮರದ ಕೊಂಬೆ ಸವರಿ ಬಿಸಿಲು ಬೀಳುವ ಹಾಗೆ ಮಾಡಿ, ಸೋಲಾರಿನಿಂದ ನೀರು ಬೆಚ್ಚಗೆ ಮಾಡಿದ ಗುಂಡಿಗಳನ್ನು ಇಟ್ಟು, ಅಲ್ಲಿ ಬಿಟ್ಟರು. ಈ ಬೂಷ್ಟಿಗೆ ಬಿಸಿ ಆಗಲ್ಲವಂತೆ.

ಮಾಲೂರು ಮೇಷ್ಟ್ರು
ಮಂಗಳವಾರ ಬೆಳಿಗ್ಗೆ 6.05

ನಿಜ. 17ರಿಂದ 25 ಡಿಗ್ರಿ ಅದಕ್ಕೆ ಹಿತ. 30 ದಾಟಿದರೆ ಒದ್ದಾಡುತ್ತೆ. ನಮ್ಮ ಕಡೆಯ ಏಪ್ರಿಲ್ ಬಿಸಿಲನ್ನು ಬೈಯುವ ಮುಂಚೆ ಇದನ್ನೂ ನೆನಪಿಟ್ಟುಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಇದನ್ನೇ ಇನ್ನೂ ಅಗ್ಗಕ್ಕೆ ಮಾಡಿದ್ದಾರೆ, 2024ರಲ್ಲಿ ಪ್ರಕಟವಾಯಿತು. ತೂತಿನ ಇಟ್ಟಿಗೆಗೆ ಕಪ್ಪು ಬಣ್ಣ ಬಳಿದು ಸಣ್ಣ ಹಸಿರುಮನೆಯಲ್ಲಿ ಜೋಡಿಸಿಟ್ಟರು. ಚಳಿಗಾಲದಲ್ಲಿ ಕಪ್ಪೆಗಳು ತಾವಾಗಿಯೇ ಹೋಗಿ ಆ ತೂತುಗಳಲ್ಲಿ ಕೂತು ಮೈ ಬಿಸಿ ಮಾಡಿಕೊಂಡವು, ರೋಗ ಇಳಿಯಿತು. ಗುಣವಾದವು ಮತ್ತೆ ರೋಗಕ್ಕೆ ಸಿಕ್ಕರೂ ತಡೆದುಕೊಂಡವು. ಮಾಲೂರಿನವನಿಗೆ ಇಟ್ಟಿಗೆ ಸುದ್ದಿ ಕೇಳಿದರೆ ಖುಷಿ ಆಗದೆ ಇರುತ್ತಾ?

ಆದರೆ ಅದು ಬೇರೆ ಜಾತಿ, ಬೇರೆ ಹವೆ. ಮಳೆಕಾಡಿನ ಬಿಲದಲ್ಲಿ ಇರುವ ಕಪ್ಪೆಗೆ ಇಟ್ಟಿಗೆ ತೋರಿಸಿದರೆ ಬರುತ್ತೆ ಅನ್ನೋ ಭರವಸೆ ನನಗಿಲ್ಲ. ಬೇಲಿಯೊಳಗೆ ಬದುಕುವುದನ್ನು ಕಾಡಿಗೆ ಮರಳಿತು ಅನ್ನೋಕೂ ನನ್ನ ಮನಸ್ಸು ಒಪ್ಪಲ್ಲ.

ಗೌರಿಬಿದನೂರು ಗಾಡಿ
ಮಂಗಳವಾರ ಬೆಳಿಗ್ಗೆ 9.30

ಈಗ ನನ್ನ ಪ್ರಶ್ನೆ. ಈ ಬೂಷ್ಟು ನಮ್ಮ ದೇಶದಲ್ಲಿ ಇದೆಯಾ?

ಮಾಲೂರು ಮೇಷ್ಟ್ರು
ಮಂಗಳವಾರ ಬೆಳಿಗ್ಗೆ 11.10

ಇದೆ. ಪಶ್ಚಿಮ ಘಟ್ಟದ ಕಪ್ಪೆಗಳ ಚರ್ಮದಲ್ಲಿ ಸಿಕ್ಕಿದೆ. ಆದರೆ ಡೊಮಿನಿಕಾ ಥರ ರಾಶಿ ರಾಶಿ ಸತ್ತ ವರದಿ ಇಲ್ಲ. ಇದರ ಮೂಲ ಪೂರ್ವ ಏಷ್ಯಾ ಅಂತ 2018ರಲ್ಲಿ ಜೀನ್ ನೋಡಿ ಹೇಳಿದ್ದಾರೆ. ಏಷ್ಯಾದ ಕಪ್ಪೆಗಳಿಗೆ ಹಳೇ ಪರಿಚಯ ಇರಬಹುದು, ದ್ವೀಪದ ಕಪ್ಪೆಗೆ ಅದು ದಿಢೀರ್ ಬಂದ ನೆಂಟ.

ದ್ವೀಪ ಅಂದಾಗ ಇನ್ನೊಂದು ನೆನಪಾಯಿತು, ಇದರಲ್ಲಿ ನಾವೇ ಅಪರಾಧಿಗಳು. ಮಳೆ ಬಿದ್ದಾಗ ಗದ್ದೆಯಲ್ಲಿ ಗಂಡು ಅರಿಶಿನ ಬಳಿದ ಹಾಗೆ ಆಗುತ್ತಲ್ಲ, ಆ ದೊಡ್ಡ ಕಪ್ಪೆ, ಅದು ಈಗ ಅಂಡಮಾನಿನಲ್ಲಿ ಪೀಡೆ. ಮೀನುಮರಿಗಳ ಜತೆ ಸೇರಿಕೊಂಡು ಹೋಗಿದೆ. ಅದರ ಗೊದಮೊಟ್ಟೆ ಅಲ್ಲಿಯ ಕಪ್ಪೆಗಳ ಗೊದಮೊಟ್ಟೆಯನ್ನು ತಿಂದುಹಾಕುತ್ತೆ. ಅದೇ ಕಪ್ಪೆಯ ಕಾಲನ್ನು ಒಂದು ಕಾಲದಲ್ಲಿ ನಾವು ಟನ್‌ಗಟ್ಟಲೆ ಹೊರದೇಶಕ್ಕೆ ಕಳಿಸುತ್ತಿದ್ದೆವು, 1987ರಲ್ಲಿ ನಿಂತಿತು. ಇಲ್ಲಿ ಕಾಪಾಡಬೇಕಾದದ್ದು, ಅಲ್ಲಿ ಹಿಡಿದು ಹಾಕಬೇಕಾದದ್ದು. ಕಪ್ಪೆ ಒಂದೇ. ಇವುಗಳ ಲೆಕ್ಕ ಇಡುವುದು ನಿಜಕ್ಕೂ ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಿದ ಹಾಗೆ.

ಚಿಂತಾಮಣಿ ಅಕ್ಕ
ಮಂಗಳವಾರ ಮಧ್ಯಾಹ್ನ 3.00

ಮೇಷ್ಟ್ರೇ, ನೀವು 'ಸಾಗಿಸಿದ ಕಪ್ಪೆ' ಅಂದಿರಿ, ನನಗೆ ಎದೆ ಧಸಕ್ ಅಂತು. ಮಳೆ ಕೈಕೊಟ್ಟ ವರ್ಷ ನಮ್ಮೂರಲ್ಲಿ ಕಪ್ಪೆ ಮದುವೆ ಮಾಡುತ್ತೇವೆ. ಅರಿಶಿನ, ಕುಂಕುಮ, ಚಿಕ್ಕದೊಂದು ತಾಳಿ, ಊರೂಟ. ಹೆಣ್ಣು ನಮ್ಮ ಕುಂಟೆಯದು. ಗಂಡು ಮಾತ್ರ ಬೇರೆ ಊರಿಂದಲೇ ಬರಬೇಕು ಅಂತ ಪದ್ಧತಿ, ಹೋದ ಸಲ ಎಂಟು ಕಿಲೋಮೀಟರ್ ಆಚೆ ಕೆರೆಯಿಂದ ಬಕೆಟ್‌ನಲ್ಲಿ ತಂದರು. ಮದುವೆ ಆದ ಮೇಲೆ ಎರಡನ್ನೂ ನಮ್ಮ ಕುಂಟೆಗೇ ಬಿಟ್ಟರು. ಆ ಬಕೆಟ್ ನೀರನ್ನೂ ಸುರಿದರು. ಇದು ತಪ್ಪಾ?

ಮಾಲೂರು ಮೇಷ್ಟ್ರು
ಮಂಗಳವಾರ ಸಂಜೆ 5.20

ಎಂಟು ಕಿಲೋಮೀಟರಿಗೆ ಭೂಮಿ ಮುಳುಗಲ್ಲ ತಾಯಿ, ಹೆದರಬೇಡಿ. ಆದರೆ ಕೇಳಿದಿರಲ್ಲ, ಹೇಳುತ್ತೇನೆ. ಮದುವೆ ಮಾಡಿ, ಊಟ ಹಾಕಿ. ಆಮೇಲೆ ಗಂಡನ್ನು ಅದರ ಕೆರೆಗೇ ಬಿಡಿ, ಬಕೆಟ್ ನೀರನ್ನು ಒಣ ನೆಲಕ್ಕೆ ಚೆಲ್ಲಿ, ಬಕೆಟ್ ಬಿಸಿಲಲ್ಲಿ ಒಣಗಿಸಿ. ಅರಿಶಿನ ಕುಂಕುಮ ಹಣೆಗೆ ಸಾಕು ಅಂತ ಹೇಳಿ, ಮೈಗೆಲ್ಲ ಬಳಿಯಬೇಡಿ. ಅದರ ಉಸಿರು ಅಲ್ಲೇ ಇರುವುದು.

ಏರಿ ವಾಕರ್, ತುಮಕೂರು
ಬುಧವಾರ ರಾತ್ರಿ 9.05

ಅಪ್‌ಡೇಟ್. ಚಾರ್ಟ್ ಮುಗಿಯಿತು. ಆ ಚೌಕದಲ್ಲಿ ಮಗಳು ಈಗ ಬರೆದದ್ದು ಇದು: 'ತೀವ್ರ ಅಪಾಯದಲ್ಲಿದೆ. ಜೂಗಳಲ್ಲಿದೆ, ಬೇಲಿಯೊಳಗಿದೆ, ಕಾಡಿನಲ್ಲಿ ಬೆರಳೆಣಿಕೆಯಷ್ಟಿದೆ. ರೋಗ ಇನ್ನೂ ಕಾಡಿನಲ್ಲೇ ಇದೆ.' ಚೌಕ ಸಾಲದೆ ಪಕ್ಕಕ್ಕೆ ಒಂದು ಚೀಟಿ ಅಂಟಿಸಿದ್ದಾಳೆ. ಗಾಡಿ ಅವರೇ, ಕೆಳಗೆ ಮೂಲೆಯಲ್ಲಿ ನಿಮ್ಮ ಕುಂಟೆಯ ಚಿತ್ರವನ್ನೂ ಬರೆದಿದ್ದಾಳೆ, ಸೈಟ್ ಕಲ್ಲಿನ ಸಮೇತ. ನಂಬರ್ ಎಷ್ಟು ಅಂತ ಕೇಳುತ್ತಿದ್ದಾಳೆ.

ಗೌರಿಬಿದನೂರು ಗಾಡಿ
ಬುಧವಾರ ರಾತ್ರಿ 9.20

47. ನೈರುತ್ಯ ಮೂಲೆ. ಕಪ್ಪೆ ಜಾಸ್ತಿ ಕೂಗುತ್ತಿದ್ದದ್ದು ಅಲ್ಲೇ.

ಚಿಂತಾಮಣಿ ಅಕ್ಕ
ಬುಧವಾರ ರಾತ್ರಿ 9.45

ಮೇಷ್ಟ್ರು ಹೇಳಿದ್ದನ್ನು ಇವತ್ತು ಊರಿನ ಯಜಮಾನರ ಹತ್ತಿರ ಪ್ರಸ್ತಾಪ ಮಾಡಿದೆ. ಬಕೆಟ್ ಒಣಗಿಸೋಕೆ ಒಪ್ಪಿದರು, ಅರಿಶಿನ ಕಡಿಮೆ ಮಾಡೋಕೂ ಒಪ್ಪಿದರು. ಗಂಡನ್ನು ಅವನ ಊರಿಗೆ ವಾಪಸ್ ಬಿಡೋಣ ಅಂದದ್ದಕ್ಕೆ ಮಾತ್ರ ಸಿಟ್ಟಾದರು. 'ತಾಳಿ ಕಟ್ಟಿದ ಸಂಜೆಯೇ ಗಂಡ ಒಬ್ಬನೇ ಊರಿಗೆ ಹೋದರೆ ಮಳೆ ಅಲ್ಲ, ಪಂಚಾಯ್ತಿ ಬರುತ್ತೆ' ಅಂದರು.

ರಾಗಿಮುದ್ದೆ, ಕೋಲಾರ
ಬುಧವಾರ ರಾತ್ರಿ 9.47

ಅಕ್ಕ, ಒಂದೇ ಕೆರೆಯ ಗಂಡು ಹೆಣ್ಣು ನೋಡಿ. ಏರಿಯ ಆ ಕಡೆ ತುದಿಯಿಂದ ದಿಬ್ಬಣ ಹೊರಡಿಸಿದರಾಯಿತು.